ಚಾಪ್ಲಿನ್ ಮುನಿಸಿಕೊಂಡ ದಿನ

ಮೇಬೆಲ್ ನಾರ್ಮಂಡ್ ಎಂದರೆ 'ಚಾಪ್ಲಿನ್ ಜೊತೆ ನಟಿಸಿದ ಚೆಲುವೆ' ಎಂದೇ ನಾನೂ ಬಹಳ ಕಾಲ ನಂಬಿದ್ದೆ. ಆಕೆ ನಿರ್ದೇಶಕಿ ಎಂದು ಗೊತ್ತಾದದ್ದು ಚಾಪ್ಲಿನ್ನನ ಆತ್ಮಕಥೆಯಿಂದ. ಅದೂ ದೂರಿನ ರೂಪದಲ್ಲಿ.

1914. ಕೀಸ್ಟೋನ್ ಕಂಪನಿಯ 'ಮೇಬೆಲ್ ಅಟ್ ದ ವೀಲ್' ಚಿತ್ರೀಕರಣ. ನಿರ್ದೇಶಕಿಗೆ 21 ವರ್ಷ, ಚಾಪ್ಲಿನ್ನನಿಗೆ 24. ರಸ್ತೆಗೆ ನೀರು ಹಾಯಿಸುವ ದೃಶ್ಯದಲ್ಲಿ ಅವನೊಂದು ತಮಾಷೆ ಸೂಚಿಸುತ್ತಾನೆ: ಪೈಪಿನ ಮೇಲೆ ಕಾಲಿಟ್ಟು ನೀರು ನಿಲ್ಲಿಸುವುದು, ಬಾಯಿ ಬಗ್ಗಿ ನೋಡುವುದು, ಕಾಲು ತೆಗೆದಾಗ ಮುಖಕ್ಕೆ ನೀರು ರಾಚುವುದು. ಸಮಯವಿಲ್ಲ, ಹೇಳಿದ್ದು ಮಾಡು ಎನ್ನುತ್ತಾಳೆ ಮೇಬೆಲ್. ಅವನು ರಸ್ತೆಯಂಚಿನಲ್ಲಿ ಕೂತು ಕೆಲಸ ನಿಲ್ಲಿಸಿಬಿಡುತ್ತಾನೆ. ನಿರ್ದೇಶಕಿಯಾಗಿ ಅವಳ ಯೋಗ್ಯತೆಯೇ ತನಗೆ ಅನುಮಾನ ಎಂದು ಐವತ್ತು ವರ್ಷಗಳ ನಂತರವೂ, 1964ರಲ್ಲಿ, ಬರೆಯುತ್ತಾನೆ.

ನಾವು ಈ ಕಥೆಯನ್ನು ಮಹಾನ್ ಕಲಾವಿದನನ್ನು ಅರಿಯದ ಹುಡುಗಿಯ ಕಥೆಯಾಗಿ ಓದುತ್ತೇವೆ. ಆದರೆ ಆ ತಮಾಷೆ ಯಾವುದು? 1895ರಲ್ಲೇ ಲೂಮಿಯೇರ್ ಸಹೋದರರು ತೋಟಗಾರನ ಕಿರುಚಿತ್ರದಲ್ಲಿ ತೋರಿಸಿದ್ದೇ ತಾನೇ! ಹಳಸಿದ ನಗೆಗೆ 'ಬೇಡ' ಎನ್ನುವುದು ನಿರ್ದೇಶಕರ ಕೆಲಸವಲ್ಲವೆ? ಹೇಳಿದವಳು ಹೆಣ್ಣಾದ್ದರಿಂದ ಅದು ಅಯೋಗ್ಯತೆ. ಗಂಡಸು ಹೇಳಿದ್ದರೆ ಶಿಸ್ತು ಎನ್ನುತ್ತಿದ್ದೆವು.

ಕಂಪನಿಯ ಯಜಮಾನ ಮ್ಯಾಕ್ ಸೆನೆಟ್ ಅವನನ್ನು ತೆಗೆದುಹಾಕುವುದರಲ್ಲಿದ್ದ. ಅಷ್ಟರಲ್ಲಿ ಇನ್ನಷ್ಟು ಚಾಪ್ಲಿನ್ ಚಿತ್ರ ಕಳಿಸಿ ಎಂದು ನ್ಯೂಯಾರ್ಕಿನಿಂದ ಬೇಡಿಕೆ ಬಂತು. ಜಗಳದಲ್ಲಿ ಗೆದ್ದದ್ದು ಕಲೆಯಲ್ಲ, ಮಾರುಕಟ್ಟೆ.

ಚಾಪ್ಲಿನ್ ಮೇಧಾವಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅಲೆಮಾರಿಯ ವೇಷ ಮೊದಲು ಕ್ಯಾಮೆರಾ ಎದುರು ನಿಂತದ್ದು 'ಮೇಬೆಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್' ಚಿತ್ರದಲ್ಲಿ. ಹೆಚ್ಚಿನ ಇತಿಹಾಸಕಾರರು ಅದರ ನಿರ್ದೇಶನವನ್ನು ಕೊಡುವುದು ಮೇಬೆಲ್‌ಗೇ. ಜಗಳದ ಬಳಿಕವೂ 'ಕಾಟ್ ಇನ್ ಎ ಕ್ಯಾಬರೆ'ಯಲ್ಲಿ ಅವಳು ಅವನನ್ನು ನಿರ್ದೇಶಿಸಿದಳು. 1916ರಲ್ಲಿ ಅವಳ ಹೆಸರಿನದೇ ಕಂಪನಿ ಬಂತು. ಅಲ್ಲಿ ತಯಾರಾದ 'ಮಿಕ್ಕಿ' 1918ರಲ್ಲಿ ಭಾರೀ ಯಶಸ್ಸು ಕಂಡಿತು.

1922ರಲ್ಲಿ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್ ಕೊಲೆಯಾದ. ಆ ಸಂಜೆ ಅವನನ್ನು ಕಂಡು ಬಂದಿದ್ದ ಅವಳನ್ನು ಪತ್ರಿಕೆಗಳು ಹರಿದು ತಿಂದವು. 1930ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು 37. ತನ್ನ ಕಡೆಯ ಮಾತು ಹೇಳುವ ಆತ್ಮಕಥೆಯನ್ನು ಅವಳು ಬಿಟ್ಟುಹೋಗಲಿಲ್ಲ. ಅವನು ಬರೆದ, ನಾವು ನಂಬಿದೆವು.

ಮುಂದಿನ ಸಲ ನಿಮ್ಮ ಕಾಲೇಜಿನಲ್ಲಿ ಚಾಪ್ಲಿನ್ ಚಿತ್ರೋತ್ಸವ ಮಾಡಿದರೆ 1914ರ ಈ ಚಿತ್ರಗಳನ್ನೂ ಹಾಕಿ. ಭಿತ್ತಿಪತ್ರದಲ್ಲಿ ನಿರ್ದೇಶಕಿಯ ಹೆಸರನ್ನು ನಟನ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಬರೆಯಿರಿ.