ಕುಷ್ಟಗಿಯ ನೀರೂ ಕೊರಳಿನ ಗ್ರಂಥಿಯೂ

ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಯನ್ನು ಸೋಮಾರಿಯೆಂದು ಗದರುವುದು ಅಧ್ಯಾಪಕರಾದ ನಮಗೆ ರೂಢಿ. ಆ ಜಡತೆಗೆ ಕೊರಳಿನ ಥೈರಾಯಿಡ್ ಗ್ರಂಥಿಯ ಮಾಂದ್ಯವೂ ಕಾರಣವಾಗಿರಬಹುದೆಂದು ನಾವು ಎಣಿಸುವುದೇ ಇಲ್ಲ. ಈ ಗ್ರಂಥಿ ಸೋತಾಗ, ಅದನ್ನು ಚೋದಿಸುವ ಟಿಎಸ್‌ಎಚ್ ಹಾರ್ಮೋನನ್ನು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಹೆಚ್ಚಾಗಿ ಸ್ರವಿಸುತ್ತದೆ. ಸ್ವಲ್ಪ ರಕ್ತದಲ್ಲಿಯೇ ಅದನ್ನು ಅಳೆಯಬಹುದು.

ಕುಷ್ಟಗಿ, ಯಲಬುರ್ಗಾಗಳ ಕೊಳವೆಬಾವಿಗಳಲ್ಲಿ ಹಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಅದು ಹಲ್ಲು, ಎಲುಬುಗಳನ್ನು ಕೆಡಿಸುವುದು ಸಿದ್ಧವಾದ ಸಂಗತಿ. ಥೈರಾಯಿಡನ್ನೂ ಕುಗ್ಗಿಸುವುದೇ ಎಂಬುದು ಇನ್ನೂ ವಾದಗ್ರಸ್ತ. ಅತ್ತ ಗಂಗಾವತಿಗೆ ತುಂಗಭದ್ರೆಯ ಕಾಲುವೆಯುಂಟು. ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ನೀರು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ನೆಲ ಬೇಕೆ? 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರ ತಂಡವು ಕೆಲವು ಭಾಗಗಳಿಗೆ ಅಯೊಡೀನ್ ಬೆರೆಸಿದ ಉಪ್ಪನ್ನೂ ಒಂದು ಭಾಗಕ್ಕೆ ಬರಿಯ ಉಪ್ಪನ್ನೂ ಒದಗಿಸಿ ಹೋಲಿಸಿತು. ಅಯೊಡೀನ್ ದೊರೆತಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಯಿತು.

ಅಲ್ಲಿ ಒಂದು ಭಾಗದವರು ಅಯೊಡೀನಿಲ್ಲದೆ ಕೆಲಕಾಲ ಕಾಯಬೇಕಾಯಿತು. ಇಲ್ಲಿ ಆ ಸಂಕಟವಿಲ್ಲ, ಭೇದವನ್ನು ನೆಲವೇ ಮಾಡಿಟ್ಟಿದೆ. ಕೊಪ್ಪಳದ ವೈದ್ಯಕೀಯ ಕಾಲೇಜು ಈ ಅಳತೆಗೆ ಕೈಹಾಕಬೇಕೆಂಬುದು ನಮ್ಮ ಅಭಿಪ್ರಾಯ. ಮನೆಮನೆಯ ಉಪ್ಪಿನ ಅಯೊಡೀನನ್ನೂ ಜೊತೆಗೇ ಅಳೆಯಬೇಕು. ಇಲ್ಲವಾದರೆ ತಪ್ಪು ನೀರಿನದೋ ಉಪ್ಪಿನದೋ ತಿಳಿಯದು.