ನೋವಿಗೆ ಬೆನ್ನು ಹಾಕುವ ಮನಸ್ಸು

ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲೇ ಕೇಂದ್ರವೊಂದನ್ನು ತೆರೆದು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ಒಯ್ದಿತು. ಅದೇ ತಾಲ್ಲೂಕು ಇಂದು ಎಲೆಕ್ಟ್ರಾನಿಕ್ ಸಿಟಿ, ಜಿಗಣಿಗಳ ಪಾಳಿ ದುಡಿಮೆಯ ನೆಲ. ಆದರೂ ಒಂದು ಬೇನೆ ಮಾತ್ರ ಮನೆಗಳಲ್ಲಿ ಇನ್ನೂ 'ಹಟ'ವೆಂದೇ ಕರೆಸಿಕೊಳ್ಳುತ್ತಿದೆ.

ಸಣ್ಣ ಮಾತಿಗೆ ಸಿಡಿದೇಳುವುದು, ತನ್ನವರು ತನ್ನನ್ನು ತೊರೆದುಬಿಡುವರೆಂದು ತಲ್ಲಣಿಸುವುದು: ಇವು ವರ್ಷಗಟ್ಟಲೆ ಬಿಡದೆ ಕಾಡಿದರೆ ಅದು 'ಬಾರ್ಡರ್‌ಲೈನ್' ಎಂಬ ವ್ಯಕ್ತಿತ್ವದ ಬೇನೆಯಾಗಿರಬಹುದು, ನಿರ್ಣಯ ವೈದ್ಯರದು. ಇಂಥವರ ಭಾವನೆಗಳು ಬೇಗ ಕೆರಳುತ್ತವೆ, ತಡವಾಗಿ ತಣಿಯುತ್ತವೆ. ಆ ಉರಿಯನ್ನು ತಾಳಲಾರದೆ ಅವರು ಮದ್ಯಕ್ಕೋ, ತಮ್ಮ ಮೈಯನ್ನೇ ಗಾಯಗೊಳಿಸಿಕೊಳ್ಳುವುದಕ್ಕೋ ಮೊರೆಹೋಗುವುದುಂಟು. ಕ್ಷಣಕಾಲ ನೆಮ್ಮದಿ ದೊರೆಯುವುದೇನೋ ನಿಜ. ಆದರೆ ಆ ನೆಮ್ಮದಿಯೇ ಮನಸ್ಸಿಗೆ ಮತ್ತೆ ಮತ್ತೆ ಓಡುವುದನ್ನು ಕಲಿಸುತ್ತದೆ. ನೋವು ಬೂದಿ ಮುಚ್ಚಿದ ಕೆಂಡದಂತೆ ಉಳಿಯುತ್ತದೆ.

ಅಮೆರಿಕದ ಮಾರ್ಷಾ ಲಿನೆಹಾನ್ 1993ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಚಿಕಿತ್ಸಾಕ್ರಮದಲ್ಲಿ ಇದಕ್ಕೆ ಪರಿಹಾರವುಂಟು. ಬಂದ ಭಾವನೆಯನ್ನು ಹೆಸರಿಟ್ಟು ಗುರುತಿಸಿ, ಅದು ತಾನಾಗಿ ಇಳಿಯುವವರೆಗೆ ತಾಳಿಕೊಳ್ಳುವ ಅಭ್ಯಾಸವೂ ಅದರಲ್ಲಿ ಸೇರಿದೆ. ಹದಿಹರೆಯದಲ್ಲಿ ತಾವೇ ಇಂಥ ಸಂಕಟದಿಂದ ಆಸ್ಪತ್ರೆ ಸೇರಿದ್ದುದನ್ನು ಆಕೆ 2011ರಲ್ಲಿ ಬಹಿರಂಗವಾಗಿ ಹೇಳಿದರು.

ಮನೆಯವರ ಪಾಲೂ ಇಲ್ಲಿದೆ. "ಅತ್ತರೇನು ಬಂತು, ಮರೆತುಬಿಡು" ಎಂಬ ಸಮಾಧಾನವೂ ಓಟವನ್ನೇ ಕಲಿಸುತ್ತದೆ. "ನಿನಗೆ ಸಂಕಟವಾಗಿದೆ, ನಾನಿಲ್ಲೇ ಇದ್ದೇನೆ" ಎನ್ನುವುದು ಮೇಲು. ಹಾಗೆಂದು ಕೂಗಾಟಕ್ಕೆಲ್ಲ ತಲೆಬಾಗಬೇಕೆಂದಲ್ಲ.

ಹೊಸೂರು ರಸ್ತೆಯ ನಿಮ್ಹಾನ್ಸ್ ಆನೇಕಲ್ಲಿನವರಿಗೆ ದೂರವಲ್ಲ. 14416ಕ್ಕೆ ಕರೆಮಾಡಿದರೆ ಟೆಲಿ-ಮಾನಸ್ ಸಲಹೆ ಉಚಿತವಾಗಿ ದೊರೆಯುತ್ತದೆ. ಮಗಳ ತೋಳಿನಲ್ಲಿ ಗಾಯದ ಗೆರೆ ಕಂಡ ದಿನ ಗದರಿಕೆಗಿಂತ ಮೊದಲು ನೆನಪಾಗಬೇಕಾದದ್ದು ಈ ಸಹಾಯ.