ಹಂಟರ್ ಶೂ ಮತ್ತು ಅಗಲದ ಪಾದ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತರೂ ಬೇಟೆಯ ಹೆಸರು ಬೂಟಿನಲ್ಲಿ ಉಳಿದಿದೆ. ಕಣಕಾಲು ಮುಚ್ಚುವ, ಕ್ಯಾನ್ವಾಸ್ ಮೈಯ, ರಬ್ಬರ್ ಅಟ್ಟೆಯ ಜೋಡಿಗೆ ಇಂದಿಗೂ ‘ಹಂಟರ್ ಶೂ’ ಎಂದೇ ಹೆಸರು. ಕೊಳ್ಳುವವರು ತೋಟದ ಆಳುಗಳು, ಚಾರಣಿಗರು, ಅರಣ್ಯ ವಾಚರುಗಳು. ಜೊತೆಗೆ ಹೈದರಾಬಾದಿನ ನಾರಾಯಣಗೂಡ, ಅಶೋಕನಗರದ ಹಾಸ್ಟೆಲುಗಳಲ್ಲಿ ಸರ್ಕಾರಿ ಕೆಲಸಕ್ಕೆ ಓದುತ್ತಿರುವ ಹುಡುಗರು.

ತೆಲಂಗಾಣದಲ್ಲಿ ಅರಣ್ಯ ಬೀಟ್ ಅಧಿಕಾರಿಯಾಗಲು ಬರೆದು ಪಾಸಾದರೆ ಸಾಲದು. ಪುರುಷರು 4 ಗಂಟೆಯಲ್ಲಿ 25 ಕಿ.ಮೀ., ಮಹಿಳೆಯರು 16 ಕಿ.ಮೀ. ನಡೆಯಬೇಕು. ಆ ನಡಿಗೆಗೆ ಹಗುರ ಓಟದ ಶೂ ಸಾಕಾದೀತು. ಕೆಲಸ ಸಿಕ್ಕಮೇಲೆ ಅಮ್ರಾಬಾದಿನ ಹುಲಿಕಾಡಿನ ಕಲ್ಲು ಮುಳ್ಳಿಗೆ ಬೂಟೇ ಬೇಕು. ಎರಡನ್ನು ಕೊಳ್ಳುವಾಗಲೂ ಆಗುವ ತಪ್ಪು ಒಂದೇ.

ನಾರಾಯಣಗೂಡದಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ಸುಲ್ತಾನ್ ಬಜಾರ್. ಅಲ್ಲಿ ಚೌಕಾಸಿ ಬೆಲೆಗೇ ಮುಗಿಯುತ್ತದೆ. ಬೆರಳು ಒತ್ತುತ್ತದೆ ಎಂದರೆ ಒಂದು ನಂಬರ್ ದೊಡ್ಡದು ಕೈಗೆ ಬರುತ್ತದೆ. ಅಂಗಡಿಯವನ ಈ ಔದಾರ್ಯವೇ ಅಪಾಯ. ನಮ್ಮಲ್ಲಿ ನಡೆಯುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರ್ ಎಂದರೆ ಉದ್ದದಲ್ಲಿ ಇಂಚಿನ ಮೂರನೇ ಒಂದು ಭಾಗ. ಪಾದದ ಅಗಲದ ಬಗ್ಗೆ ಡಬ್ಬಿ ಏನನ್ನೂ ಹೇಳುವುದಿಲ್ಲ. ಅಗಲ ಸಾಲದೆಂದು ಉದ್ದ ಹೆಚ್ಚಿಸಿಕೊಂಡರೆ ಹಿಮ್ಮಡಿ ಒಳಗೆ ಜಾರುತ್ತದೆ, ಉಜ್ಜುತ್ತದೆ, ಹತ್ತು ಕಿಲೋಮೀಟರಿಗೇ ಬೊಕ್ಕೆ ಏಳುತ್ತದೆ.

ಇದು ಕೆಲವರ ಕಾಲಿನ ದೋಷವಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ 79 ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಪರದೇಶದ ಅಚ್ಚುಗಳಿಗಿಂತ ಅಗಲ ಎಂಬುದು ಕಂಡುಬಂತು. ‘ಭ’ ಎಂಬ ಹೊಸ ಅಳತೆಯ ಪ್ರಸ್ತಾವವೂ ಬಂತು. ಹಳ್ಳಿಯಲ್ಲಿ ಬರಿಗಾಲಲ್ಲಿ ಬೆಳೆದವರಿಗೆ ಇದನ್ನು ಹೇಳಲು ಸಂಸ್ಥೆಯೇ ಬೇಕಿರಲಿಲ್ಲ ಅನ್ನಿ.

ಹಣ ಕಡಿಮೆಯಿದ್ದವರು ಅಂಗಡಿಯಲ್ಲಿ ಸಮಯ ಖರ್ಚು ಮಾಡಬೇಕು. ಕಾಲು ತುಸು ಊದಿಕೊಂಡಿರುವ ಸಂಜೆ ಹೊತ್ತು ಹೋಗುವುದು ಒಳ್ಳೆಯದು, ನಡೆಯುವಾಗ ತೊಡುವ ಅದೇ ದಪ್ಪ ಕಾಲುಚೀಲ ಹಾಕಿಕೊಂಡು. ಬೂಟಿನ ಒಳಹಾಸು ಹೊರಗೆಳೆಯಲು ಬಂದರೆ ನೆಲಕ್ಕಿಟ್ಟು ಅದರ ಮೇಲೆ ನಿಲ್ಲಬೇಕು. ಕಿರುಬೆರಳು ಅಂಚು ದಾಟಿದರೆ ಆ ಬೂಟು, ಎಷ್ಟೇ ಅಗ್ಗವಿರಲಿ, ಬೇಡ. ಆಮೇಲೆ ಲೇಸ್ ಬಿಗಿದು ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಬಡಿಯಬಾರದು, ಹತ್ತುವಾಗ ಹಿಮ್ಮಡಿ ಮೇಲೇಳಬಾರದು. ಎರಡೂ ಕಾಲಿಗೆ ಹಾಕಿ ನೋಡಬೇಕು, ಏಕೆಂದರೆ ಬಹಳ ಜನರಿಗೆ ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದು. ಸಾವಿರದೊಳಗಿನ ಕ್ಯಾನ್ವಾಸ್ ಬೂಟು ಇಷ್ಟನ್ನು ಗೆದ್ದರೆ, ನೀರು ಕುಡಿದು ಭಾರವಾಗುವ ದುಬಾರಿ ಚರ್ಮದ ಬೂಟಿಗಿಂತ ಅದೇ ಮೇಲು. ಉಳಿದ ದುಡ್ಡು ಒಳ್ಳೆಯ ಕಾಲುಚೀಲಕ್ಕೆ ಹೋಗಲಿ.

ಹುಡುಗಿಯರ ಪಾಡು ಇನ್ನೂ ಇಕ್ಕಟ್ಟು. ಹಂಟರ್ ಶೂಗಳು ಹೆಚ್ಚಾಗಿ ಗಂಡಸರ ಅಚ್ಚಿನವು. ಅದರಲ್ಲೇ ಸಣ್ಣ ನಂಬರ್ ಹುಡುಕಿದರೆ ಮುಂಭಾಗ ಸರಿಹೋದರೂ ಹಿಮ್ಮಡಿ ಸಡಿಲ. ಮೇಲಿನ ಕಣ್ಣುಗಳಲ್ಲಿ ಲೇಸನ್ನು ಬಿಗಿಯಾಗಿ ಕಟ್ಟಿ ಸದ್ಯಕ್ಕೆ ಸುಧಾರಿಸಬಹುದು. ಆದರೆ ಹೆಣ್ಣುಮಕ್ಕಳನ್ನೂ ಕಾಡು ಕಾಯಲು ಕರೆಯುವ ಸರ್ಕಾರ, ಅವರ ಪಾದಕ್ಕೊಪ್ಪುವ ಬೂಟು ಮಾಡಿಸುವುದನ್ನೂ ನೇಮಕಾತಿಯ ಕೆಲಸವೆಂದೇ ಎಣಿಸಬೇಕು.